ಅಂಟಣ್ಣನ ತಲೆಯ ಫೋಟೋ

ನೋಟೀಸು ಬೋರ್ಡಿನಲ್ಲಿ ಒಂದೇ ಸಾಲು ಬಿದ್ದಿತ್ತು: ನಾಳೆಯಿಂದ ಅಂಟಣ್ಣ ಕೌಂಟರಿನಲ್ಲಿ ಕೂರತಕ್ಕದ್ದು.

ಅಂಟಣ್ಣ ಎಂದರೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹದಿನಾರು ವರ್ಷದಿಂದ ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತ ಬಂದವನು. ಹರಿದ ಪುಸ್ತಕ ಏನನ್ನೂ ಕೇಳುವುದಿಲ್ಲ. ಕೌಂಟರಿನೆದುರು ನಾಲ್ಕು ಜನ ಸಾಲುಗಟ್ಟಿದರೆ ಸಾಕು, ಅವನ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅದು ಹೋಗಲಿ, ಎರಡು ವರ್ಷದಿಂದ ಬೆಳಿಗ್ಗೆ ಚಪ್ಪಲಿ ಮೆಟ್ಟುವುದಕ್ಕೇ ಅರ್ಧ ಗಂಟೆ ಬೇಕಾಗುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು.

“ಸರ್, ನನ್ನ ಕೈಲಾಗಲ್ಲ. ನನಗೆ ಖಿನ್ನತೆ ಇದೆ, ಜೊತೆಗೆ ಆತಂಕ,” ಎಂದು ಮುಖ್ಯ ಗ್ರಂಥಪಾಲಕರೆದುರು ನಿಂತ.

“ನೀವು ಹೇಳಿದ್ರೆ ಆಯ್ತಾ? ಸಂಜೆಯೊಳಗೆ ಏನಾದ್ರೂ ಪುರಾವೆ ತನ್ನಿ,” ಎಂದರು ಸಾಹೇಬರು, ಫೈಲಿನಿಂದ ತಲೆಯೆತ್ತದೆ.

ಪತ್ರಿಕೆ ವಿಭಾಗದ ಮೇಡಂಗೆ ಈ ಸುದ್ದಿ ತಿಳಿಯಲು ಪತ್ರಿಕೆ ಬೇಕಾಗಲಿಲ್ಲ. “ಖಿನ್ನತೆಯಂತೆ! ಬೆಳಿಗ್ಗೆ ಬೇಗ ಎದ್ದು ನಾಲ್ಕು ಸುತ್ತು ವಾಕಿಂಗ್ ಮಾಡಿ, ಹೇಳಹೆಸರಿಲ್ಲದೆ ಹೋಗುತ್ತೆ,” ಎಂದರು. “ಅಂಟಿನ ವಾಸನೆ ತಲೆಗೇರಿದೆ ಅಷ್ಟೇ, ಅಣ್ಣಾ,” ಎಂದು ಕಾವಲುಗಾರ ರೋಗ ಪತ್ತೆ ಮಾಡಿಯೇಬಿಟ್ಟ.

ಪುಣ್ಯಕ್ಕೆ ಅಂದೇ ಆಸ್ಪತ್ರೆಯಲ್ಲಿ ಅಂಟಣ್ಣನ ಸರದಿಯಿತ್ತು. ಖಿನ್ನತೆ, ಆತಂಕ ಎರಡೂ ಇರುವವರ ಮೆದುಳಿನ ಚಿತ್ರ ತೆಗೆದು, ಅದರಲ್ಲಿ ಕಾಯಿಲೆಯ ಗುರುತು ಹುಡುಕುವ ಅಧ್ಯಯನ. ಜಾಹೀರಾತು ನೋಡಿ ತಾನೇ ಹೆಸರು ಬರೆಸಿದ್ದ.

ಯಂತ್ರದ ಕೊಳವೆಯೊಳಗೆ ಮಲಗಿಸಿ, ಅಲುಗಾಡಬೇಡಿ ಎಂದರು. ಪಕ್ಕದ ಮನೆಯವರು ಗೋಡೆ ಒಡೆಸುತ್ತಿರುವ ಹಾಗೆ ಸದ್ದು. ಇಷ್ಟು ದಿನಕ್ಕೆ ಯಾರೋ ತನ್ನ ಒಳಗೆ ನೋಡುತ್ತಿದ್ದಾರಲ್ಲ ಎನ್ನಿಸಿ ಅಂಟಣ್ಣ ಬಿಕ್ಕಿ ಅತ್ತ. ತಲೆ ಅಲುಗಿತೆಂದು ಮತ್ತೆ ಮೊದಲಿನಿಂದ ತೆಗೆದರು.

“ಸಿಕ್ತಾ, ಡಾಕ್ಟ್ರೇ?” ಎಂದು ಹೊರಗೆ ಬಂದವನೇ ಅಧ್ಯಯನ ನಡೆಸುತ್ತಿದ್ದವಳನ್ನು ಕೇಳಿದ.

“ಒಬ್ಬರ ಚಿತ್ರ ನೋಡಿ ಏನೂ ಹೇಳಕ್ಕಾಗಲ್ಲ. ನಿಮ್ಮಂಥ ನೂರು ಜನರದ್ದು ಸೇರಿಸಿ, ಆರೋಗ್ಯವಾಗಿರೋ ನೂರು ಜನರ ಜೊತೆ ಹೋಲಿಸಿದ್ರೆ ಏನಾದ್ರೂ ವ್ಯತ್ಯಾಸ ಕಾಣಬಹುದು.”

“ಅಂದ್ರೆ ಇನ್ನೂ ತೊಂಬತ್ತೊಂಬತ್ತು ಜನ ಬಂದ ಮೇಲೇನೇ ನನ್ನ ದುಃಖ ನಿಜ ಆಗೋದಾ?”

ಆಕೆಗೆ ಪಾಪ ಎನ್ನಿಸಿತು. ಆದರೆ ಸರ್ಟಿಫಿಕೇಟು ಕೊಡುವ ಅಧಿಕಾರ ಆಕೆಗಿರಲಿಲ್ಲ. ಕೊಡುವ ವೈದ್ಯರು ಸಿಗುವುದು ಮುಂದಿನ ತಿಂಗಳು. ಮೆದುಳಿನ ಫೋಟೋ ಒಂದನ್ನು ನೆನಪಿಗೆಂದು ಕೈಗಿತ್ತಳು.

ಗ್ರಂಥಾಲಯದಲ್ಲಿ ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಏನೂ ಕಾಣ್ತಿಲ್ಲವಲ್ರೀ!”

“ತಲೇಲಿ ಏನೂ ಇಲ್ಲ ಅಂತ ಫೋಟೋ ಬೇರೆ ತೆಗೆಸ್ಬೇಕಿತ್ತಾ, ಅಣ್ಣಾ?” ಎಂದ ಕಾವಲುಗಾರ. ಎಲ್ಲರೂ ನಕ್ಕರು. ಅಂಟಣ್ಣನೂ ನಕ್ಕು, ಫೋಟೋ ಹಿಡಿದು ಸಾಹೇಬರ ಕೋಣೆಗೆ ನಡೆದ.

ಸಾಹೇಬರು ಮಾತ್ರ ನಗಲಿಲ್ಲ. ಫೋಟೋವನ್ನು ಬಹಳ ಹೊತ್ತು ನೋಡಿದರು. ಎದ್ದು ಬಾಗಿಲ ಚಿಲಕ ಹಾಕಿ, ಡ್ರಾಯರಿನಿಂದ ಅಂಥದೇ ಇನ್ನೊಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು.

“ಇದು ನಂದು. ಹೋದ ವರ್ಷದ್ದು. ನಿಮಗಾದ್ರೂ ಪುರಾವೆ ಸಿಗುತ್ತೇನೋ ಅಂತ ಕೇಳಿದ್ದು.”

ಅಂಟಣ್ಣನ ಕಣ್ಣು ತುಂಬಿ ಬಂತು. “ಹಾಗಾದ್ರೆ ನಿಮಗೆ ಅರ್ಥ ಆಗುತ್ತೆ, ಸರ್.”

“ಆಗದೆ ಏನು? ಇದನ್ನ ಲಗತ್ತಿಸಿ ಮೂರು ಸಲ ರಜೆ ಕೇಳಿದೆ. ಮೂರು ಸಲಾನೂ ವಾಪಸ್ ಬಂತು. ಕೊನೆಗೆ ಬೆನ್ನುನೋವು ಅಂತ ಬರೆದೆ. ಈಗ ತಾನೇ ಆರು ತಿಂಗಳ ರಜೆ ಮಂಜೂರಾಯ್ತು.”

“ಮತ್ತೆ ನನ್ನ ಕೌಂಟರು, ಸರ್?”

“ಅದು ರದ್ದು. ನನ್ನ ನಂತರ ಸೇವೆಯಲ್ಲಿ ಹಿರಿಯರು ನೀವೇ. ನಾಳೆಯಿಂದ ಈ ಕುರ್ಚಿ ನಿಮ್ಮದು, ಇಡೀ ಗ್ರಂಥಾಲಯ ನಿಮ್ಮದು.”

ಅಂಟಣ್ಣ ಸೊಂಟ ಹಿಡಿದುಕೊಂಡ. “ಸರ್... ನನಗೂ ಬೆನ್ನುನೋವು.”

ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣೂ ಒದ್ದೆಯಾಗಿತ್ತು.

“ಒಂದೇ ಆಫೀಸಲ್ಲಿ ಇಬ್ಬರಿಗೆ ಬೆನ್ನುನೋವು ಅಂದ್ರೆ ಯಾರು ನಂಬ್ತಾರೆ, ಹೇಳಿ?”