ಎಲ್ಲರಿಗೂ ಒಂದೊಂದು ಇಲಿ

“ಈ ಭಾನುವಾರ ಸೋಲೋನು ನಾನಲ್ಲ! ಬೇಕಾದ್ರೆ ಬರೆದಿಟ್ಕೋ!”

ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಮೇಲೆತ್ತಿ ಲಿಫ್ಟ್ ಮೆಕ್ಯಾನಿಕ್ ಹೀಗೆ ಘರ್ಜಿಸಿದ್ದು ಸೋಮವಾರ ಬೆಳಿಗ್ಗೆ. ಔಷಧಿ ಅಂಗಡಿ ನಡೆಸುವ ಅವನ ಹೆಂಡತಿ ತಲೆ ಕೂಡ ಎತ್ತಲಿಲ್ಲ.

“ಹೋದ ವಾರಾನೂ ಹೀಗೇ ಅಂದ್ರಿ. ಆಮೇಲೆ ಬಚ್ಚಲ ಜಾಲರಿಯಿಂದ ಕೂದಲು ಎಳೆದು ತೆಗೆದೋರು ಯಾರು?”

“ಅದು ಬೇಕಂತಲೇ ಸೋತಿದ್ದು! ಶತ್ರುಗಳ ಬಲ ಅಳೆಯೋಕೆ!”

“ಅಳೆದಿದ್ದು ಸಾಕು, ಬಾಯಿ ಮುಕ್ಕಳಿಸಿ. ನೊರೆ ಅಂಗಿ ಮೇಲೆ ಬೀಳ್ತಿದೆ.”

ಆ ಮನೆಯ ಕಾನೂನೇ ಹಾಗೆ. ಪ್ರತಿ ವಾರ ಒಂದಲ್ಲ ಒಂದು ಕೆಲಸ ಇರುತ್ತದಲ್ಲ, ಯಾರಿಗೂ ಬೇಡವಾದದ್ದು, ‘ನೀನು ಮಾಡು, ನೀವು ಮಾಡಿ’ ಎಂದು ಗಂಡ ಹೆಂಡತಿ ಮುಖ ಊದಿಸಿಕೊಳ್ಳುವಂಥದ್ದು? ಅದನ್ನು ಜಗಳವಾಡಿ ತೀರ್ಮಾನಿಸುವ ಬದಲು ಇವರು ಭಾನುವಾರ ಮಧ್ಯಾಹ್ನ ಕಾರ್ಡು ಆಡಿ ತೀರ್ಮಾನಿಸುತ್ತಿದ್ದರು. ಸೋತವರು ತುಟಿಪಿಟಕ್ಕೆನ್ನದೆ ಆ ಕೆಲಸ ಮಾಡಬೇಕು. ಆಟವನ್ನು ಮನೆಗೆ ತಂದವಳು ನಾದಿನಿ, ಅಂದರೆ ಹೆಂಡತಿಯ ತಂಗಿ. ನಗರದ ಬಸ್ಸು ಓಡಿಸುವವಳು, ಯಾರಿಗೂ ಸೊಪ್ಪು ಹಾಕದವಳು.

ಆಟ ಕೇಳಲು ಸುಲಭ. ಶುರುವಿನಲ್ಲಿ ಎಲ್ಲರ ಕಟ್ಟಿನಲ್ಲೂ ಒಂದಿಷ್ಟು ಇಟ್ಟಿಗೆ ಕಾರ್ಡುಗಳು. ಸರದಿ ಬಂದಾಗ ಐದು ಕಾರ್ಡು ಎತ್ತಿಕೊಂಡು, ಅದರಲ್ಲಿರುವ ಇಟ್ಟಿಗೆ ತೋರಿಸಿ ಮೇಜಿನ ನಡುವೆ ಹರಡಿದ ಸಂತೆಯಿಂದ ಕೋಟೆ, ತೋಟ, ಕಾರಂಜಿ, ಹೀಗೆ ಬೇಕಾದ ಕಾರ್ಡು ಕೊಳ್ಳಬೇಕು. ಕೊಂಡದ್ದು ನಮ್ಮ ಕಟ್ಟಿಗೇ ಸೇರುತ್ತದೆ, ಕಲಸಿದಂತೆಲ್ಲ ಮತ್ತೆ ಮತ್ತೆ ಕೈಗೆ ಬರುತ್ತದೆ. ಕೊನೆಗೆ ಯಾರ ಕಟ್ಟಿನಲ್ಲಿ ಕೋಟೆ ಹೆಚ್ಚೋ ಅವರು ಗೆದ್ದರು, ಯಾರಲ್ಲಿ ಕಡಿಮೆಯೋ ಅವರು ಸೋತರು. ಇದರ ಮಧ್ಯೆ ಒಂದು ದಾಳಿ ಕಾರ್ಡು ಇದೆ, ಇಲಿದಂಡು! ಅದನ್ನು ಇಟ್ಟರೆ ಉಳಿದವರೆಲ್ಲರ ಕಟ್ಟಿಗೂ ಒಂದೊಂದು ಇಲಿ ಹೋಗಿ ಸೇರುತ್ತದೆ. ಇಲಿಯಿಂದ ಕವಡೆ ಕಾಸಿನ ಉಪಯೋಗವಿಲ್ಲ. ಇಟ್ಟಿಗೆ ಬರಬೇಕಾದ ಜಾಗದಲ್ಲಿ ಬಂದು ಕೂರುತ್ತದೆ, ಸಾಲದ್ದಕ್ಕೆ ಕೊನೆಯ ಎಣಿಕೆಯಲ್ಲಿ ಒಂದು ಕೋಟೆಯನ್ನೂ ತಿಂದುಹಾಕುತ್ತದೆ.

ನಮ್ಮ ಮೆಕ್ಯಾನಿಕ್ ಇಷ್ಟು ದಿನ ಇಲಿದಂಡನ್ನು ಕಡೇ ಗಳಿಗೆಯಲ್ಲಿ ಕೊಂಡು ಕೈ ಸುಟ್ಟುಕೊಂಡಿದ್ದ. ಈ ವಾರ ಅವನು ಚಹಾದ ಬಿಡುವಿನಲ್ಲಿ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕೂತು ವೀಡಿಯೋ ನೋಡಿ ನೋಡಿ ಜ್ಞಾನೋದಯ ಪಡೆದ. ಮೊದಲೇ ಕೊಳ್ಳಬೇಕು! ಬೇಗ ಬಿಡಬೇಕು! ಕೈಗೆ ಬಂದಾಗಲೆಲ್ಲ ಬಿಡಬೇಕು! ಮೊದಲು ಬಿಟ್ಟ ಇಲಿ ಆಟ ಮುಗಿಯುವವರೆಗೂ ಎದುರಾಳಿಯನ್ನು ಕಾಡುತ್ತದೆ. ಬಿಡದೆ ಇಟ್ಟುಕೊಂಡ ಇಲಿದಂಡೋ, ನಮ್ಮ ಕೈಯಲ್ಲೇ ಜಾಗ ತಿನ್ನುವ ಹೆಗ್ಗಣ. ಸಂಜೆ ಮನೆಗೆ ಬಂದು ಸೋಫಾದ ದಿಂಬುಗಳನ್ನೇ ಎದುರಾಳಿಗಳಂತೆ ಕೂರಿಸಿಕೊಂಡು ತಾಲೀಮು ನಡೆಸಿದ.

“ಬಿಡ್ತೀನಿ! ಇಲಿ ಬಿಡ್ತೀನಿ! ಒಬ್ಬರನ್ನೂ ಉಳಿಸಲ್ಲ, ಎಲ್ಲರಿಗೂ ಒಂದೊಂದು!”

“ಮೆಲ್ಲಗೆ ರೀ,” ಎಂದಳು ಹೆಂಡತಿ ಮೇಲೆ ನೋಡುತ್ತ. “ಆ ಪೈಪಿನ ಸಂದಿನಲ್ಲಿ ನಮ್ಮ ಮಾತೆಲ್ಲ ಮೇಲಕ್ಕೆ ಹೋಗುತ್ತೆ.”

“ಹೋಗ್ಲಿ! ನನಗ್ಯಾರ ಭಯ?”

ಸುಳ್ಳು! ಅವನಿಗೆ ಭಯವಿತ್ತು, ಬೆಟ್ಟದಷ್ಟು ಭಯ. ಹದಿನೈದನೇ ಮಹಡಿಯಲ್ಲಿ ಲಿಫ್ಟಿನ ಕತ್ತಲೆ ಬಾವಿಯೊಳಗೆ ಒಂದು ಹಗ್ಗಕ್ಕೆ ಜೋತುಬಿದ್ದು ಸಿನಿಮಾ ಹಾಡು ಗುನುಗುವ ಈ ಗಂಡಸು ಮನೆ ಒಡತಿಯ ಚಪ್ಪಲಿ ಸದ್ದಿಗೆ ಬೆವರುತ್ತಿದ್ದ. ಒಡತಿ ಮೇಲಿನ ಮಹಡಿಯಲ್ಲೇ ಒಬ್ಬರೇ ಇದ್ದರು. ಹಿಂದೆ ಈಜು ಕಲಿಸುತ್ತಿದ್ದವರು. ಕೊಳ ಬಿಟ್ಟು ವರ್ಷಗಳಾಗಿದ್ದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಗೇಟು ತೆರೆದಿಟ್ಟರೆ ಒಂದು ಸೀಟಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಎರಡು ಸೀಟಿ! ಬೀದಿಯವರೆಲ್ಲ ಅವರನ್ನು ಸೀಟಿಯಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ. ಈ ಮನೆಯಲ್ಲಿ ಮೊದಲಿದ್ದ ಫೋಟೋಗ್ರಾಫರು ‘ಬಾಗಿಲ ಬೀಗ ಬದಲಾಯಿಸಿ’ ಎಂದು ಕೇಳಿದ್ದರಂತೆ. ಬೀಗ ಬದಲಾಗಲಿಲ್ಲ, ಫೋಟೋಗ್ರಾಫರೇ ಬದಲಾದರು!

ಈ ವಾರದ ಬೇಡದ ಕೆಲಸ ಏನು ಗೊತ್ತೇ? ಸೀಟಿಯಮ್ಮನ ಬಚ್ಚಲಿನಿಂದ ಇವರ ನಡುಮನೆಗೆ ನೀರು ತೊಟ್ಟಿಕ್ಕುತ್ತಿತ್ತು. ಸೋತವರು ಮೇಲೆ ಹೋಗಿ, ಅವರ ಮುಖಕ್ಕೆ ಮುಖ ಕೊಟ್ಟು, ‘ಸೂರು ಸೋರುತ್ತಿದೆ, ರಿಪೇರಿ ಮಾಡಿಸಿ’ ಎನ್ನಬೇಕು. ಅವರು ಸಿಟ್ಟಾಗಿ ‘ಖಾಲಿ ಮಾಡಿ’ ಎಂದರೆ? ಹೆಂಡತಿಯ ಅಂಗಡಿ ಎರಡು ಬೀದಿ ಆಚೆ, ಹಗಲೆಲ್ಲ ಬೆಳಕು ತುಂಬುವ ಅಡುಗೆಮನೆ, ಕಷ್ಟಪಟ್ಟು ಹುಡುಕಿದ ಮನೆ. ಸಾಮಾನು ಹೇರಿಕೊಂಡ ಲಾರಿಯ ಹಿಂದೆ ತಾನು ದಿಂಬು ಹಿಡಿದು ಕೂತ ಚಿತ್ರ ಅವನ ಕಣ್ಣಿಗೆ ಕಟ್ಟುತ್ತಿತ್ತು.

ಅಂತೂ ಭಾನುವಾರ ಬಂತು. ಮೇಜಿನ ಪಕ್ಕದಲ್ಲಿ ಬಕೆಟ್ಟು. ಟಪ್, ಟಪ್. ಮೊದಲ ಸರದಿಯಲ್ಲೇ ಕೈತುಂಬ ಇಟ್ಟಿಗೆ ಬಂದವು. ಇಲಿದಂಡನ್ನು ಕೊಂಡವನೇ ಮೆಕ್ಯಾನಿಕ್ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ, “ಸಿಕ್ತು! ಮುಗೀತು ನಿಮ್ಮ ಕಥೆ! ಇವತ್ತು ಇಲಿ ಬಿಟ್ಟೇ ಬಿಡ್ತೀನಿ!”

ಬಾಗಿಲ ಹೊರಗೆ ಸೀಟಿ ಕೇಳಿಸಿತು. ಒಂದೇ ಒಂದು, ಗಿಡ್ಡದು.

ಮೆಕ್ಯಾನಿಕ್ಕಿನ ರಕ್ತ ಹೆಪ್ಪುಗಟ್ಟಿತು. ಕುರ್ಚಿಯಿಂದ ಜಾರಿದವನೇ ಮೈ ಒರೆಸುವ ಟವೆಲನ್ನು ತಂದು ಬಕೆಟ್ಟಿಗೆ ತುರುಕಿದ, ಹನಿ ಬಿದ್ದ ಸದ್ದು ಕೇಳಬಾರದಲ್ಲ! ಯಾವ ಸೋರಿಕೆಯ ಬಗ್ಗೆ ದೂರು ಕೊಡಬೇಕಿತ್ತೋ ಅದನ್ನೇ ಬಚ್ಚಿಟ್ಟ ಮಹಾಶೂರ.

ಸೀಟಿಯಮ್ಮ ಒಳಗೆ ಬಂದರು. ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ಏನೋ ಕಬ್ಬಿಣದ್ದು ಖಣಖಣ ಎಂದಿತು. ಹೊಸ ಬೀಗ, ಎಂದುಕೊಂಡ ಮೆಕ್ಯಾನಿಕ್. ಕೆಲಸ ಕೆಟ್ಟಿತು, ನಮ್ಮನ್ನು ಹೊರಹಾಕಿ ಜಡಿಯಲು ಬೀಗ ತಂದೇಬಿಟ್ಟಿದ್ದಾರೆ!

“ಕೂಗಾಟ ಕೇಳಿಸ್ತು. ಎಲ್ಲ ಸರಿ ಇದೆ ತಾನೆ?” ಎನ್ನುತ್ತ ಅವರು ಮೂಲೆ ಮೂಲೆ, ಸೋಫಾದ ಅಡಿ, ಕಪಾಟಿನ ಹಿಂದೆ ಕಣ್ಣು ಹಾಯಿಸಿದರು. ಗೋಡೆಗೆ ಮೊಳೆ ಹೊಡೆದದ್ದನ್ನು ಹುಡುಕುತ್ತಿರಬೇಕು ಎಂದುಕೊಂಡ ಅವನು.

“ಬನ್ನಿ ಅಮ್ಮಾ, ಈಗಷ್ಟೇ ಶುರು ಮಾಡಿದ್ವಿ,” ಎಂದು ನಾದಿನಿ ಕುರ್ಚಿ ಎಳೆದಳು. ಹುಟ್ಟಾ ಧೈರ್ಯವಂತೆ! ಆಟ ಹೇಳಿಕೊಡುತ್ತ ದಾಳಿ ಕಾರ್ಡನ್ನೂ ತೋರಿಸಿದಳು. ಸೀಟಿಯಮ್ಮ ಅದನ್ನು ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಮೆಕ್ಯಾನಿಕ್ಕಿನ ಮುಖ ನೋಡಿದರು.

“ಓಹೋ. ಇದೇನಾ ಇಲಿ?”

“ಹೂಂ... ಅಂದ್ರೆ... ಕಾಗದದ್ದು,” ಎಂದ ಅವನು.

“ಸೋತವರು ಏನ್ ಮಾಡ್ಬೇಕು?”

ಹೆಂಡತಿ ಕಾರ್ಡು ಜೋಡಿಸುತ್ತ ಹೇಳಿದಳು, “ಒಬ್ಬರ ಹತ್ರ ಹೋಗಿ ಒಂದು ಮಾತು ಕೇಳ್ಬೇಕು ಅಮ್ಮ. ಅವರು ಸ್ವಲ್ಪ... ಜೋರು.”

“ಇಷ್ಟೇನಾ? ನಾನು ಸೋತ್ರೆ ನಾನೇ ಕೇಳ್ತೀನಿ. ಯಾರಾದ್ರೇನು, ನನ್ನನ್ನ ತಿಂದುಬಿಡ್ತಾರಾ?”

ನಾದಿನಿಗೆ ಕೆಮ್ಮು ಬಂತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ವೀರನ ನರಕ. ಇಲಿದಂಡು ಕೈಗೆ ಬಂತು. ಬಿಡಬೇಕು, ತಂತ್ರ ಹಾಗೆನ್ನುತ್ತದೆ. ಆದರೆ ಆ ದಾಳಿಗೆ ಆಯ್ಕೆ ಎಂಬುದಿಲ್ಲ, ಬಿಟ್ಟರೆ ಸೀಟಿಯಮ್ಮನಿಗೂ ಒಂದು ಇಲಿ! ಮನೆ ಒಡತಿಯ ಕೈಗೆ ಇಲಿ ಕೊಟ್ಟು ಅದೇ ಮನೆಯಲ್ಲಿ ಬಾಳಲಾದೀತೇ? ಅವನು ಕಾರ್ಡನ್ನು ಉಳಿದವುಗಳ ಹಿಂದೆ ಮುಚ್ಚಿಟ್ಟು ಒಂದು ಬಡಪಾಯಿ ಇಟ್ಟಿಗೆ ಕೊಂಡ. ಕಟ್ಟು ತಿರುಗಿ ಮತ್ತೆ ಇಲಿದಂಡು ಬಂತು. ಮತ್ತೆ ಮುಚ್ಚಿಟ್ಟ. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು.

“ಏನ್ರೀ, ದಿಂಬುಗಳಿಗೆ ಅಷ್ಟೊಂದು ಹೊಡೆದ್ರಿ, ಈಗೇನಾಯ್ತು?” ಎಂದು ಪಿಸುಗುಟ್ಟಿದಳು.

“ದಿಂಬುಗಳು ಮನೆ ಖಾಲಿ ಮಾಡಿಸಲ್ಲ ಕಣೇ!”

ಅಕ್ಕತಂಗಿಯರು ಕೋಟೆಯ ಮೇಲೆ ಕೋಟೆ ಕಟ್ಟಿದರು. ಸೀಟಿಯಮ್ಮ ಚಿತ್ರ ಚೆನ್ನಾಗಿದೆ ಎಂದು ಬರೀ ತೋಟ, ಕಾರಂಜಿ ಕೊಂಡರು. ಕೊನೆಯ ಸುತ್ತಿನ ಹೊತ್ತಿಗೆ ತಳದಲ್ಲಿ ಉಳಿದವರು ಇಬ್ಬರೇ, ಸೀಟಿಯಮ್ಮ ಮತ್ತು ಮೆಕ್ಯಾನಿಕ್, ಸಮಸಮ ಕೋಟೆಗಳೊಂದಿಗೆ. ಕೊನೆಯ ಸರದಿ ಅವನದೇ. ಎತ್ತಿಕೊಂಡ ಐದರಲ್ಲಿ ಕೋಟೆ ಕೊಳ್ಳುವಷ್ಟು ಇಟ್ಟಿಗೆಯಿಲ್ಲ, ಮತ್ತೆ ಅದೇ ಇಲಿದಂಡು! ಬಿಟ್ಟರೆ ಅವರು ಸೋಲುತ್ತಾರೆ. ಬಿಡದಿದ್ದರೆ ಇಬ್ಬರೂ ಸಮ. ಸಮವಾದರೆ ಕೊನೆಗೆ ಆಡಿದವರೇ ಸೋತಂತೆ ಎಂದು ಹಾಳು ನಿಯಮ ಬೇರೆ. ಸೋಲೋಣ, ಎಂದು ಅವನು ನಿರ್ಧರಿಸಿದ. ಸೋತು, ಮೇಲೆ ಹೋಗಿ, ಬಾಗಿಲು ತಟ್ಟಿ ಓಡಿ ಬಂದುಬಿಡೋಣ! ಬೆವರಿದ ಬೆರಳುಗಳ ನಡುವೆ ಕಾರ್ಡು ಗಡಗಡ ನಡುಗುತ್ತಿತ್ತು.

ಆಗ ಸೂರಿನಿಂದ ತಣ್ಣನೆಯ ಹನಿಯೊಂದು ಬಕೆಟ್ಟಿನ ದಾರಿ ತಪ್ಪಿ ನೇರ ಅವನ ಕತ್ತಿನ ಹಿಂದೆ ಬಿತ್ತು.

“ಅಯ್ಯಪ್ಪೋ!”

ಕೈಯಿಂದ ಹಾರಿದ ಇಲಿದಂಡು ಮೇಜಿನ ನಟ್ಟನಡುವೆ ಮುಖ ಮೇಲಾಗಿ ಬಿದ್ದಿತು.

“ಇಟ್ಟಿದ್ದು ಇಟ್ಟಂಗೆ!” ಎಂದು ನಾದಿನಿ ತೀರ್ಪು ಕೊಟ್ಟೇಬಿಟ್ಟಳು. “ಎಲ್ಲರಿಗೂ ಒಂದೊಂದು ಇಲಿ!”

ಸೀಟಿಯಮ್ಮ ತಮ್ಮ ಪಾಲಿನ ಇಲಿಯನ್ನು ಎತ್ತಿಕೊಂಡರು. ಅವರ ಕೈ ನಿಧಾನವಾಗಿ ಸೀಟಿಯತ್ತ ಹೋಯಿತು. ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡ. ಲಾರಿ ಬಂತು, ಸಾಮಾನು ಹೇರಿಕೊಂಡಿತು, ಹೊರಟಿತು...

“ಹಾಗಾದ್ರೆ ನಾನು ಸೋತೆ,” ಎಂಬ ದನಿ ಕೇಳಿಸಿತು. “ಯಾರನ್ನ ಕೇಳ್ಬೇಕು ಹೇಳಿ.”

ನಾದಿನಿ ಮೆಲ್ಲಗೆ ಎದ್ದು, ಗೋಡೆಯ ಕನ್ನಡಿಯನ್ನು ತೆಗೆದು ಸೀಟಿಯಮ್ಮನ ಮುಂದೆ ಇಟ್ಟಳು. ಆಮೇಲೆ ಬೆರಳನ್ನು ಸೂರಿನತ್ತ ತೋರಿಸಿದಳು.

ಸೀಟಿಯಮ್ಮ ಕನ್ನಡಿ ನೋಡಿದರು, ಸೂರು ನೋಡಿದರು, ಟವೆಲು ತುಂಬಿದ ಬಕೆಟ್ಟು ನೋಡಿದರು. ಮುಖ ಕೆಂಪಗಾಯಿತು. ಕಂಠ ಸರಿಮಾಡಿಕೊಂಡು ಕನ್ನಡಿಗೆ ಹೇಳಿದರು, “ಏನಮ್ಮಾ, ನಿಮ್ಮ ಪೈಪು ಸೋರ್ತಿದೆ. ಪಾಪ ಇವರು ಬಕೆಟ್ ಇಟ್ಕೊಂಡು ಕೂತಿದ್ದಾರೆ. ಯಾವಾಗ ಸರಿ ಮಾಡಿಸ್ತೀರಿ?” ತಾವೇ ಉತ್ತರ ಕೊಟ್ಟರು, “ನಾಳೆ ಬೆಳಿಗ್ಗೆ.”

ಹೆಂಡತಿಯ ಬಾಯಿಂದ ಒಂದು ದೊಡ್ಡ ನಿಟ್ಟುಸಿರು ಹೊರಬಿತ್ತು.

“ನಿಜ ಹೇಳ್ಬೇಕು ಅಂದ್ರೆ, ನಾನು ಸಾಕಷ್ಟು ಸಲ ಮೆಟ್ಟಿಲವರೆಗೂ ಬಂದು ವಾಪಸ್ ಹೋದೆ,” ಎಂದರು ಸೀಟಿಯಮ್ಮ. “ಸೋರ್ತಿರೋದು ನನಗೆ ಗೊತ್ತಿತ್ತು. ಹೇಳೋಕೆ ಭಯ.”

“ನಿಮಗೆ ಭಯಾನಾ?” ಮೆಕ್ಯಾನಿಕ್ ಕಣ್ಣು ತೆರೆದ. “ಯಾರ ಭಯ?”

“ಇನ್ಯಾರದು, ನಿಮ್ಮದೇ! ದಿನಾ ಸಂಜೆ ‘ಇಲಿ ಬಿಡ್ತೀನಿ, ಒಬ್ಬರನ್ನೂ ಉಳಿಸಲ್ಲ’ ಅಂತ ಆ ಸಂದಿಯಿಂದ ಕೂಗು. ಸೋರಿದ್ದಕ್ಕೆ ಸೇಡು ತೀರಿಸ್ಕೊಳ್ತಿದ್ದಾರೆ, ನನ್ನ ಮನೆಗೆ ಇಲಿ ಬಿಡ್ತಾರೆ ಅಂದ್ಕೊಂಡೆ. ಮೂರು ರಾತ್ರಿ ನಿದ್ದೆ ಇಲ್ಲ.” ಅವರು ಚೀಲ ಬಿಚ್ಚಿದರು. ಒಳಗಿದ್ದದ್ದು ಬೀಗವಲ್ಲ, ಹೊಚ್ಚಹೊಸ ಇಲಿಬೋನು!

ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆಕ್ಯಾನಿಕ್ಕಿನ ಎದೆ ತುಸು ಉಬ್ಬಿತು. ಬೀದಿಯನ್ನೇ ನಡುಗಿಸುವ ಸೀಟಿಯಮ್ಮ ತನಗೆ ಹೆದರಿದ್ದರು! ಅವನು ಕಾಲರು ಸರಿಮಾಡಿಕೊಂಡು, “ಛೆ ಛೆ, ಹೆದರಬೇಡಿ ಅಮ್ಮ, ನನ್ನ ದನಿಯೇ ಸ್ವಲ್ಪ ಗಡುಸು,” ಎಂದ.

“ಈಗೆಲ್ಲಿ ಭಯ? ಆಟ ಪೂರ್ತಿ ನಿಮ್ಮನ್ನೇ ನೋಡ್ತಿದ್ನಲ್ಲ,” ಎಂದು ಸೀಟಿಯಮ್ಮ ಎದ್ದು ನಿಂತರು. “ಕಾಗದದ ಇಲಿ ಬಿಡೋಕೇ ಅಷ್ಟು ನಡುಗೋರು ನಿಜವಾದ್ದು ಬಿಡ್ತೀರಾ!”

ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿದರು. ಕೊರಳಿನ ಸೀಟಿಯನ್ನು ಬೆರಳಲ್ಲಿ ಎತ್ತಿ ತೋರಿಸಿದರು.

“ನೀರಿಗೆ ಹಾರೋಕೆ ಹೆದರಿ ದಡದಲ್ಲೇ ನಿಂತಿರೋ ಮಕ್ಕಳನ್ನ ತುಂಬಾ ನೋಡಿದ್ದೀನಿ. ಮುಂದಿನ ಭಾನುವಾರಾನೂ ಬರ್ತೀನಿ. ಕಾರ್ಡು ಇಡೋಕೆ ಧೈರ್ಯ ಬರದಿದ್ರೆ ಕಣ್ಸನ್ನೆ ಮಾಡಿ ಸಾಕು, ಊದ್ತೀನಿ!”