ತಯಾರಕರು: ತಾರಾಬಾಯಿ, ಯಮಕನಮರಡಿ

ತನ್ನ ತಾಯಿ ಉಪವಾಸ ಮುಗಿಸುವ ಪಾರಣೆ ಹೇಗಾಗಬೇಕೆಂದರೆ ಇತ್ತ ಹುಕ್ಕೇರಿ, ಅತ್ತ ಗೋಕಾಕ, ಅದರಾಚೆ ಮೂಡಲಗಿ, ಮೂರೂ ತಾಲೂಕಿನ ಜನ ಇನ್ನು ಹತ್ತು ವರ್ಷ ಅದನ್ನೇ ಮಾತಾಡಬೇಕು ಎಂದು ಯಮಕನಮರಡಿಯ ಬಟ್ಟೆ ವ್ಯಾಪಾರಿ ನೇಮಿನಾಥ ಶಪಥ ಮಾಡಿದ. ಜನ ಮಾತಾಡಿದರು. ಈಗಲೂ ಮಾತಾಡುತ್ತಿದ್ದಾರೆ. ಆ ವಿಷಯ ಬಂದ ಕೂಡಲೇ ನೇಮಿನಾಥ ಮಾತ್ರ ಅಂಗಡಿಯ ಒಳಗೆ ಹೋಗಿ ಬಟ್ಟೆಯ ಥಾನುಗಳ ಹಿಂದೆ ಏನನ್ನೋ ಹುಡುಕತೊಡಗುತ್ತಾನೆ.

ತಾಯಿ ತಾರಾಬಾಯಿಗೆ ಎಪ್ಪತ್ತೆರಡು ವರ್ಷ. ಜೈನರ ದಶಲಕ್ಷಣ ಪರ್ವದಲ್ಲಿ ಹತ್ತೂ ದಿನ ಅನ್ನ ಮುಟ್ಟದೆ, ದಿನಕ್ಕೊಂದೇ ಸಲ ನೀರು ಕುಡಿದು ಉಪವಾಸ ಮಾಡಿದ್ದಳು. ಆ ನೀರಿಗೂ ಆಕೆಯ ಕಾನೂನು ಬಲು ಕಠಿಣ. ಹಿತ್ತಲ ಬಾವಿಯಿಂದ ಕೈಯಲ್ಲಿ ಸೇದಬೇಕು. ಎರಡು ಪದರು ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯ ಮೇಲೆ ಉಳಿದದ್ದನ್ನು ಸೋಸಿದ ನೀರಿನಲ್ಲೇ ತೊಳೆದು, ಕೊಡದಲ್ಲಿ ಕೆಳಗಿಳಿಸಿ, ಅದೇ ಬಾವಿಗೆ ಮೆಲ್ಲಗೆ ಬಿಡಬೇಕು. ಮೇಲಿನಿಂದ ಸುರಿದರೆ ಕಣ್ಣಿಗೆ ಕಾಣದ ಜೀವಗಳಿಗೆ ಪೆಟ್ಟಾಗುತ್ತದೆ. ಸೋಸಿದ ನೀರಿನ ಆಯುಷ್ಯ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆ. ಅದರಾಚೆ ಅದು ಆಕೆಯ ಪಾಲಿಗೆ ನೀರೇ ಅಲ್ಲ.

ಮಗನ ಕಾನೂನು ಬೇರೆ. ಎರಡು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ಕ್ಯಾನಿನ ನೀರು ಕುಡಿದು ಭೇದಿ ಹತ್ತಿ ನಾಲ್ಕು ದಿನ ಬಚ್ಚಲದಲ್ಲೇ ಸಂಸಾರ ಹೂಡಿದ ಮೇಲೆ, ಸೀಲು ಇದ್ದ ಬಾಟಲಿ ಬಿಟ್ಟು ಬೇರೆ ನೀರು ಅವನ ಗಂಟಲಲ್ಲಿ ಇಳಿದಿಲ್ಲ. ಬಾಟಲಿ ನೀರನ್ನು ಸರ್ಕಾರ ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿದೆ ಎಂದು ಪೇಪರಿನಲ್ಲಿ ಓದಿದ ದಿನದಿಂದಂತೂ ಅವನು ಅರ್ಧ ಅಧಿಕಾರಿಯೇ ಆಗಿಬಿಟ್ಟ. ಹೈವೇ ಬದಿಯ ಯಾವ ಅಂಗಡಿಗೆ ಹೋದರೂ ಬಾಟಲಿಯನ್ನು ತಿರುಗಿಸಿ ತಿರುಗಿಸಿ, ಲೈಸೆನ್ಸಿನ ಹದಿನಾಲ್ಕು ಅಂಕಿ, ಬ್ಯಾಚು, ತುಂಬಿದ ತಾರೀಖು ಎಲ್ಲವನ್ನೂ ಗಟ್ಟಿಯಾಗಿ ಓದುವನು. ಒಂದು ಅಂಕಿ ಮಸುಕಾಗಿದ್ದರೂ ಹುಕ್ಕೇರಿಯ ಆಹಾರ ಸುರಕ್ಷತೆಯ ಸಾಹೇಬರಿಗೆ ಫೋನು. ಫೋನು ಮಾಡಿ ಮಾಡಿ ಇಬ್ಬರಿಗೂ ಸ್ನೇಹವೇ ಬೆಳೆದಿತ್ತು. ಮನೆಯ ಬಾವಿ ನೀರಿನ ಬಗ್ಗೆ ಕೇಳಿದರೆ, ಪಾತ್ರೆ ತೊಳೆಯಲು ಅಡ್ಡಿಯಿಲ್ಲ ಎನ್ನುತ್ತಿದ್ದ, ತಾಯಿಗೆ ಕೇಳದಂತೆ.

ಇಂಥವನು ಮುನ್ನೂರು ಅತಿಥಿಗಳಿಗೆ ಲೋಟದಲ್ಲಿ ನೀರು ಕೊಟ್ಟಾನೆಯೇ? ಊರ ಹೊರಗೆ ಹೊಸದಾಗಿ ನೀರು ತುಂಬುವ ಘಟಕ ಹಾಕಿದ ಶುಭಮ್ ಎಂಬ ಹುರುಪಿನ ಮನುಷ್ಯನನ್ನು ಹಿಡಿದ. ಈಗ ಎಲ್ಲ ಮದುವೆಗಳಲ್ಲೂ ಬಾಟಲಿಯ ಮೇಲೆ ಗಂಡುಹೆಣ್ಣಿನ ಫೋಟೋ ಹಾಕಿಸುತ್ತಾರೆ, ತಾಯಿಯವರದೂ ಹಾಕೋಣ ಎಂದು ಶುಭಮ್ ಹೇಳಿದ. ನೇಮಿನಾಥನ ಕಣ್ಣಲ್ಲಿ ನೀರೇ ಬಂತು. ನಲವತ್ತು ಪೆಟ್ಟಿಗೆ, ಪೆಟ್ಟಿಗೆಗೆ ಹನ್ನೆರಡರಂತೆ ನಾಲ್ಕುನೂರಾ ಎಂಬತ್ತು ಬಾಟಲಿ!

ಲೇಬಲ್ಲು ಇರುವುದೇ ನಾಲ್ಕು ಬೆರಳು ಅಗಲ. ನಡುವೆ ಹೂವಿನ ಚೌಕಟ್ಟಿನಲ್ಲಿ ತಾಯಿಯ ಫೋಟೋ. ಬಲಕ್ಕೆ 'ಹತ್ತು ಉಪವಾಸದ ತಪಸ್ವಿನಿ'. ಎಡಕ್ಕೆ ಸ್ವಾಗತ ಕೋರುವವರ ಪಟ್ಟಿ. ಇದರಲ್ಲಿ ಒಂದು ಹೆಸರು ಬಿಟ್ಟರೆ ಮೂರು ತಲೆಮಾರಿನ ಜಗಳ. ಹತ್ತೊಂಬತ್ತು ಹೆಸರು ಹಾಕಿಯಾದ ಮೇಲೆ ಮಮದಾಪುರದ ಕಾಕಾ ಫೋನು ಮಾಡಿ, ತಮ್ಮ ಹೆಸರೂ ಮೂವರು ಗಂಡುಮಕ್ಕಳ ಹೆಸರೂ ಎಲ್ಲಿ ಎಂದು ವಿಚಾರಿಸಿದರು. ಲೇಬಲ್ಲಿನಲ್ಲಿ ಇರುವೆ ಕೂರಲೂ ಜಾಗವಿರಲಿಲ್ಲ. ಕೆಳಗೆ ಮಾತ್ರ ಏನೋ ಸಣ್ಣ ಅಕ್ಷರಗಳಿದ್ದವು.

"ಅದನ್ನ ತಗಿ, ಅಲ್ಲಿ ಕಾಕಾನ ಮನ್ಯಾವರ್ನ ಕುಂದರಸು" ಎಂದ ನೇಮಿನಾಥ.

"ಅಣ್ಣಾರ, ಅದು ಲೈಸೆನ್ಸ್ ನಂಬರ, ಬ್ಯಾಚ್, ತಾರೀಖ್ರಿ. ಇರಬೇಕ್ರಿ ಅದು."

"ಇದೇನ ಮಾರೂ ನೀರೇನೋ? ನಮ್ಮ ಮನೀ ಕಾರ್ಯದ್ದು. ಮನೀ ನೀರಿಗ್ಯಾವ ನಂಬರ?"

ಊರಿಗೆಲ್ಲ ನಂಬರು ಕೇಳಿದ ಮನುಷ್ಯ ಹೀಗೆ ಹೇಳಿದ್ದಕ್ಕೆ ಶುಭಮ್‌ಗೆ ಆಶ್ಚರ್ಯವಾಗಿರಬೇಕು. ಆದರೆ ಗಿರಾಕಿಯ ಮಾತು. ಕೊನೆಗೆ 'ತಯಾರಕರು' ಎಂಬ ಶಬ್ದದ ಮುಂದೆ ಘಟಕದ ಹೆಸರಿತ್ತು. ಅವ್ವನ ಕಾರ್ಯದಲ್ಲಿ ಕಂಪನಿಯ ಜಾಹೀರಾತು ಯಾಕೆಂದು ನೇಮಿನಾಥ ಅದನ್ನೂ ಅಳಿಸಿ ಅವ್ವನ ಹೆಸರು, ಊರು ಹಾಕಿಸಿದ. 'ತಯಾರಕರು' ಮಾತ್ರ ಇದ್ದಲ್ಲೇ ಉಳಿಯಿತು.

ಬಾಟಲಿ ಮನೆಗೆ ಬಂದಾಗ ಹೆಂಡತಿ ಆರತಿ ಒಂದನ್ನು ಎತ್ತಿ ನೋಡಿ, ಕುಡಿದ ಮೇಲೆ ಅತ್ತೆಯ ಮುಖವನ್ನು ಎಲ್ಲರೂ ಗಟಾರಕ್ಕೆ ಒಗೆಯುತ್ತಾರಲ್ಲ ಎಂದಳು. ಹೆಂಗಸರಿಗೆ ದೊಡ್ಡ ಕೆಲಸದ ಕಲ್ಪನೆ ಇರುವುದಿಲ್ಲ ಎಂದು ನೇಮಿನಾಥ ಮನಸ್ಸಿನಲ್ಲೇ ಅಂದುಕೊಂಡ. ಬಾಯಿಬಿಟ್ಟು ಅನ್ನುವಷ್ಟು ಧೈರ್ಯ ಅವನಿಗೆ ಎಂದೂ ಇರಲಿಲ್ಲ. ತಾರಾಬಾಯಿಗೆ ಏನೂ ತಿಳಿಸಲಿಲ್ಲ. ಕೊನೆಯ ದಿನ ಅವಳ ರಕ್ತದೊತ್ತಡ ಇಳಿದಿತ್ತು. ಬೆಳಿಗ್ಗೆ ಪಾರಣೆ ಆಗಲೇಬೇಕು, ಇನ್ನೊಂದು ದಿನವೂ ಈ ದೇಹ ತಡೆಯುವುದಿಲ್ಲ ಎಂದು ಡಾಕ್ಟರು ಖಡಕ್ಕಾಗಿ ಹೇಳಿ ಹೋಗಿದ್ದರು.

ಪಾರಣೆಯ ಬೆಳಿಗ್ಗೆ ಎಂಟಕ್ಕೆ ಪಡಸಾಲೆಯಲ್ಲಿ ತಾರಾಬಾಯಿ ಮಣೆಯ ಮೇಲೆ ಕೂತಳು. ಮುಂದೆ ಹೆಸರುಬೇಳೆಯ ತಿಳಿನೀರಿನ ಬಟ್ಟಲು. ಮೊದಲ ಬಾಟಲಿಯ ಸೀಲು ಒಡೆಯುವ ಗೌರವಕ್ಕೆ ನೇಮಿನಾಥ ಯಾರನ್ನು ಕರೆದಿದ್ದ ಗೊತ್ತೇ? ಅದೇ ಆಹಾರ ಸುರಕ್ಷತೆಯ ಸಾಹೇಬರನ್ನು! ತಾನಾಗಿಯೇ, ಕಾರ್ಡು ಕೊಟ್ಟು, ಎರಡು ಸಲ ಫೋನು ಮಾಡಿ!

ಸಾಹೇಬರು ಬಾಟಲಿ ಹಿಡಿದು ಫೋಟೋಕ್ಕೆ ಕೈಮುಗಿದರು. ಆಮೇಲೆ ಇಪ್ಪತ್ತು ವರ್ಷದ ಚಟ, ಒಮ್ಮೆ ತಿರುಗಿಸಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ತಿರುಗಿಸಿದರು.

"ನೇಮಣ್ಣಾರ, ಲೈಸೆನ್ಸ್ ನಂಬರ ಎಲ್ಲೈತ್ರಿ ಇದರಾಗ?"

"ಅಲ್ಲಿ ಮಮದಾಪುರದ ಕಾಕಾ ಅದಾರ್ರಿ."

"ಬ್ಯಾಚ್ ನಂಬರ?"

"ಕಾಕಾನ ಹಿರೇ ಮಗ್ರಿ."

"ತುಂಬಿದ ತಾರೀಖು?"

"ನಡುವಿನಾಂವ್ರಿ." ನೇಮಿನಾಥನ ಧ್ವನಿ ಒಂದೊಂದು ಉತ್ತರಕ್ಕೂ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು. ಕಿರಿಯ ಮಗನ ಸರದಿ ಬರುವ ಮೊದಲೇ ಸಾಹೇಬರು ಕೈ ಎತ್ತಿ, ತಯಾರಕರು ತಾರಾಬಾಯಿ ಎಂದಿದೆಯಲ್ಲ, ಅವರು ಯಾರು ಎಂದು ಕೇಳಿದರು. ನೇಮಿನಾಥನ ಬೆರಳು ಎದ್ದು ಮಣೆಯ ಕಡೆ ತೋರಿಸಿತು.

ಸಾಹೇಬರು ಒಳ್ಳೆಯವರು. ಆದರೆ ಸುತ್ತ ಐವತ್ತು ಜನ ನೋಡುತ್ತಿದ್ದರು, ಅರ್ಧ ಜನರ ಕೈಯಲ್ಲಿ ಮೊಬೈಲು. ಇನ್ನು ಬಿಡುವಂತಿರಲಿಲ್ಲ. ಚೀಲದಿಂದ ಕಾಗದ ತೆಗೆದು ಮಣೆಯ ಮುಂದೆ ಕೂತು, ನೀರು ಎಲ್ಲಿಂದ ತರುತ್ತೀರಿ, ಹೇಗೆ ಶುದ್ಧ ಮಾಡುತ್ತೀರಿ ಎಂದು ವಿಚಾರಿಸಿದರು. ತಾರಾಬಾಯಿ ತನ್ನ ನಿತ್ಯದ ನೀರಿನ ಬಗ್ಗೆ ಕೇಳುತ್ತಿದ್ದಾರೆಂದು ಸಂತೋಷದಿಂದ ಬಾವಿ, ಎರಡು ಪದರು ಬಟ್ಟೆ, ಮೆಲ್ಲಗೆ ಇಳಿಸುವ ಕೊಡ, ಎಲ್ಲವನ್ನೂ ಹೇಳಿದಳು. ಸಾಹೇಬರು ಬರೆದುಕೊಂಡರು.

"ತುಂಬಿದ ಮ್ಯಾಲೆ ಎಷ್ಟ ದಿವಸ ಇಡತೀರಿ ಅಮ್ಮಾರ?"

"ದಿವಸಾ? ಎರಡ ಗಳಿಗಿ ಆದ್ರ ಚೆಲ್ಲತೀನ್ರಿ."

ಸಾಹೇಬರ ಪೆನ್ನು ನಿಂತಿತು. ಎಲ್ಲರೂ ಆರು ತಿಂಗಳು ಎಂದು ಬರೆಯುವ ಜಾಗವದು. ಇಷ್ಟು ಕಠಿಣ ತಯಾರಕರನ್ನು ಅವರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಅನುಮಾನ ಬಂದು ಬಾಟಲಿಯನ್ನು ಅವಳ ಕೈಗೇ ಕೊಟ್ಟರು.

ತಾರಾಬಾಯಿ ತನ್ನ ಮುಖವನ್ನು ತಾನೇ ಬಹಳ ಹೊತ್ತು ನೋಡಿದಳು. ಆರತಿ ಬಗ್ಗಿ ಅದರ ಮೇಲಿದ್ದುದನ್ನು ಓದಿ ಹೇಳಿದಳು.

"ಈ ನೀರ ಯಾರ ಸೋಸ್ಯಾರ?" ಎಂದಳು ತಾರಾಬಾಯಿ. "ನಾ ಸೋಸಿಲ್ಲ. ಮಂದಿ ನನ್ನ ಮಾರಿ ನೋಡಿ, ನಂಬಿ ಕುಡೀತಾರ. ಇದು ಒಬ್ಬರ ಬಾಯಾಗೂ ಹೋಗಬಾರದು. ಇವತ್ತ ನಮ್ಮ ಮನೀಗಿ ಬಂದವರೆಲ್ಲಾ ಸೋಸಿದ ನೀರ ಕುಡೀಲಿ. ಆಮ್ಯಾಲೆ ನನ್ನ ಪಾರಣಿ."

ಬಟ್ಟಲನ್ನು ಬದಿಗೆ ಸರಿಸಿದಳು. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಅಷ್ಟರೊಳಗೆ ಮುನ್ನೂರು ಜನರೂ ಬಂದು ನೀರು ಕುಡಿದಿರಬೇಕು, ಇಲ್ಲವಾದರೆ ಅವ್ವನಿಗೆ ಹನ್ನೊಂದನೇ ಉಪವಾಸ.

ಸಾಹೇಬರು ಆ ಬಾಟಲಿಯನ್ನೂ ಒಳಗಿಟ್ಟು, ನಲವತ್ತೂ ಪೆಟ್ಟಿಗೆಗಳನ್ನು ಎಣಿಸಿ, ಟೇಪು ಸುತ್ತಿಸಿ, ಬಚ್ಚಲದ ಹಿಂದೆ ಒಟ್ಟಿಸಿ, ಸಂಜೆ ಗಾಡಿ ತರುವುದಾಗಿ ಹೇಳಿ ಹೋದರು. ಹೋಗುವ ಮೊದಲು ಕೈ ಮುಂದೆ ಮಾಡಿ ಸೋಸಿದ ನೀರು ಒಂದು ಲೋಟ ಕುಡಿದರು.

ನೇಮಿನಾಥ ಅಂಗಿ ಕಳೆದು ಬಾವಿಗೆ ನಿಂತ. ಮೋಟರು ಹಚ್ಚೋಣವೇ ಎಂದು ಒಮ್ಮೆ ಕೇಳಿ ನೋಡಿದ. ಬಟ್ಟೆಯ ಮೇಲಿನ ಜೀವಗಳನ್ನು ಪೈಪಿನಲ್ಲಿ ಹೇಗೆ ತಿರುಗಿ ಕಳಿಸುತ್ತೀ ಎಂದು ಒಳಗಿನಿಂದ ಉತ್ತರ ಬಂತು. ಅಂಗಡಿಯಿಂದ ಹೊಸ ಬಿಳಿ ಬಟ್ಟೆಯ ಥಾನೇ ಬಂತು. ಮೊದಲೇ ಸೋಸಿ ಹಂಡೆ ತುಂಬಿಡುವ ಹಾಗೂ ಇಲ್ಲ, ಎರಡು ಗಳಿಗೆಗೆ ಅದರ ಆಯುಷ್ಯ ಮುಗಿಯುತ್ತದೆ. ಹತ್ತು ಜನ ಬಂದರೆ ಹತ್ತು ಜನರ ನೀರು. ಸೇದು, ಸೋಸು, ಬಟ್ಟೆ ತೊಳೆ, ಕೊಡ ಇಳಿಸು, ಮೆಲ್ಲಗೆ ಬಿಡು, ಮತ್ತೆ ಸೇದು. ಥಾನು ಹಿಡಿದು ಹಿಡಿದು ಬೆಣ್ಣೆಯಾಗಿದ್ದ ಕೈಗಳಲ್ಲಿ ಹನ್ನೊಂದಕ್ಕೆ ಬೊಬ್ಬೆ ಎದ್ದವು, ಹನ್ನೆರಡಕ್ಕೆ ಒಡೆದವು. ಬಂದವರು ನೀರು ಕುಡಿದು, ಎಷ್ಟು ಸಿಹಿ ಎಂದು ಹೊಗಳಿ, ಹೋಳಿಗೆ ಊಟಕ್ಕೆ ಕೂತರು. ಒಳಗೆ ತಾರಾಬಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಆರತಿ ನಿಮಿಷಕ್ಕೊಮ್ಮೆ ಹೋಗಿ ಅವಳ ಕೈ ಮುಟ್ಟಿ ನೋಡಿ ಬರುತ್ತಿದ್ದಳು. ಅವಳು ಗಂಡನನ್ನು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ನೇಮಿನಾಥನ ಗಂಟಲು ಒಣಗಿ ಕಟ್ಟಿಗೆಯಾಯಿತು. ಕೈಯಲ್ಲಿ ತುಂಬಿದ ಕೊಡ. ಆಗತಾನೇ ಸೋಸಿದ ನೀರು, ತಳ ಕಾಣುವಷ್ಟು ತಿಳಿ. ಅವನು ಬಗ್ಗಿ ನೋಡಿದ. ಆ ನಾಲ್ಕು ದಿನದ ಬಚ್ಚಲ ನೆನಪಾಯಿತು. ಕೊಡ ಕೆಳಗಿಟ್ಟು, ಅತ್ತಿತ್ತ ನೋಡಿ, ಬಚ್ಚಲದ ಹಿಂದೆ ಹೋದ. ಒಂದು ಪೆಟ್ಟಿಗೆಯ ಟೇಪು ಮೂಲೆಯಲ್ಲಿ ಸಡಿಲವಾಗಿತ್ತು. ಅವ್ವನ ಫೋಟೋದ ಮೇಲೆ ಅಂಗೈ ಮುಚ್ಚಿ, ಒಂದೇ ಉಸಿರಿಗೆ ಕುಡಿದು, ಖಾಲಿ ಬಾಟಲಿಯನ್ನು ಕಟ್ಟಿಗೆಯ ಸಂದಿಗೆ ತುರುಕಿ, ಏನೂ ಆಗದವನಂತೆ ಹಗ್ಗಕ್ಕೆ ಕೈ ಹಾಕಿದ.

ಮೇಳವಂಕಿಯ ಬೀಗರ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿ, ಅವರು ಬಂದಾಗ ಆರಾಗಿತ್ತು. ಬಿಸಿಲು ಎದುರಿನ ಬಸದಿಯ ಶಿಖರದ ತುದಿಯಲ್ಲಿ ಅಂಗೈಯಷ್ಟು ಉಳಿದಿತ್ತು. ಅವರಿಗೆ ಕೂರಲೂ ಬಿಡದೆ ನೀರು ಕುಡಿಸಿದ್ದಾಯಿತು. ಎಲ್ಲರದೂ ಆಯಿತೇ ಎಂದು ತಾರಾಬಾಯಿ ಸಣ್ಣ ಧ್ವನಿಯಲ್ಲಿ ಕೇಳಿದಳು. ಆಯಿತು ಎಂದಳು ಆರತಿ. ನೇಮಿನಾಥನೂ ತಲೆ ಆಡಿಸಿದ. ತಾರಾಬಾಯಿ ಬಟ್ಟಲು ಎತ್ತಿಕೊಂಡಳು.

ಆಗ ಹಿತ್ತಲಿನಿಂದ ಸಾಹೇಬರು ಬಂದರು. ಗಾಡಿಗೆ ಹೇರಿಸುತ್ತ ಎಣಿಸಿದರೆ ನಾಲ್ಕುನೂರಾ ಎಪ್ಪತ್ತೊಂಬತ್ತೇ ಇವೆ, ಒಂದು ಎಲ್ಲಿ ಹೋಯಿತು ಎಂದು ಕೇಳಿದರು. ಜಪ್ತಿ ಮಾಡಿದ ಮಾಲು, ತೆಗೆದವರ ಹೆಸರು ಸಿಗದಿದ್ದರೆ ಅದಕ್ಕೂ ತಯಾರಕರೇ ಉತ್ತರ ಕೊಡಬೇಕಾಗುತ್ತದೆ ಎಂದು ಬಹಳ ಸಂಕೋಚದಿಂದ ಹೇಳಿದರು.

ಬಟ್ಟಲು ತುಟಿಯ ಹತ್ತಿರ ನಿಂತಿತು. ನೇಮಿನಾಥ ಬಸದಿಯ ಶಿಖರ ನೋಡಿದ. ಬಾಟಲಿಯ ನೀರು ಒಬ್ಬರ ಬಾಯಿಗೆ ಹೋಗಿದೆ ಎಂದು ತಿಳಿದರೆ ಅವ್ವ ಪಾರಣೆ ಮಾಡುವುದಿಲ್ಲ, ಇನ್ನೊಂದು ನಿಮಿಷ ಸುಮ್ಮನಿದ್ದರೆ ಕುಡಿಯುತ್ತಾಳೆ. ಸುಮ್ಮನಿದ್ದರೆ ಅವ್ವನ ಮೇಲೆಯೇ ಕಳ್ಳತನವೂ ಬರುತ್ತದೆ. ಯಾವ ಕಡೆ ಹೋದರೂ ಅವನು ಸತ್ತಂತೆಯೇ.

"ನಾನ ಕುಡದ್ನಿ" ಎಂದ.

"ಯಾಕೋ ನೇಮಣ್ಣ?" ತಾರಾಬಾಯಿಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. "ಸೋಸಿದ ನೀರ ನಿನ್ನ ಕೈಯಾಗ ಇತ್ತಲ್ಲೋ."

ಮುನ್ನೂರು ಜನ ನಂಬಿ ಕುಡಿದ ನೀರನ್ನು ನಂಬದವನು ತಾನೊಬ್ಬನೇ ಎಂದು ಯಾವ ಬಾಯಿಂದ ಹೇಳುವುದು? ಹೇಳಬೇಕಾಗಲೂ ಇಲ್ಲ. ಅವಳಿಗೆ ಅರ್ಥವಾಗಿತ್ತು. ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟಳು. ಶಿಖರದ ಮೇಲಿನ ಬಿಸಿಲು ಆರಿತು. ಆರತಿ ಸೆರಗು ಬಾಯಿಗೆ ಒತ್ತಿಕೊಂಡು ಡಾಕ್ಟರಿಗೆ ಫೋನು ಮಾಡಲು ಒಳಗೆ ಓಡಿದಳು.

ಸಾಹೇಬರು ಕಾಗದದಲ್ಲಿ ನೇಮಿನಾಥನ ಹೆಸರು ಬರೆದರು. ಮುಂದೆ ಇನ್ನೊಂದು ಅಂಕಣ ಖಾಲಿಯಿತ್ತು. ಗೊತ್ತಿದ್ದದ್ದೇ ಆದರೂ ಕೇಳಿ ಬರೆಯಬೇಕು, ಅದು ನಿಯಮ.

"ತಯಾರಕರಿಗೆ ಇವರು ಏನಾಗಬೇಕ್ರಿ?"

ತಾರಾಬಾಯಿ ಗೋಡೆ ಹಿಡಿದು ಎದ್ದು ನಿಂತಳು.

"ಮಗ ಆಗಬೇಕ್ರಿ ಸಾಹೇಬ್ರ. ಜನ್ಮಪೂರ್ತಿ ಎಲ್ಲಾನೂ ಸೋಸೀನಿ, ಇವನ್ನೊಬ್ಬನ್ನ ಹಂಗ ಬಿಟ್ಟಬಿಟ್ಟೆ."