ರೋಮನ್ನರನ್ನು ಕೆಲಸದಿಂದ ತೆಗೆದ ನನ್ನ ಮಾವ

ರೋಮ್ ಸಾಮ್ರಾಜ್ಯ ಹೇಗೆ ಬಿತ್ತೆಂದು ವಿದ್ವಾಂಸರು ಇನ್ನೂ ತಲೆ ಕೆಡಿಸಿಕೊಂಡಿದ್ದಾರಂತೆ. ಸುಮ್ಮನೆ ಯಾಕೆ ಶ್ರಮ? ಬೀಳಿಸಿದವರು ನನ್ನ ಸೋದರಮಾವ. ಹೆತ್ತೂರಿನ ಕಡೆಯ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದವರು. ಬೀಳಿಸಿದ್ದು ಕೆಂಪು ಪೆನ್ನಿನಿಂದ, ನಮ್ಮ ಮನೆಯ ಜಗಲಿಯಲ್ಲಿ, ಲೋಟದ ಕಾಫಿ ಆರುವುದರೊಳಗೆ!

ನಾನು ಆಲೂರಿನಲ್ಲಿ ಇತಿಹಾಸದ ಮೇಷ್ಟ್ರು. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಮಕ್ಕಳಿಗಾಗಿ ಒಂದು ಆಟ ಮಾಡಿದ್ದೆ. ಹಲಗೆಯ ಮೇಲೆ ಭೂಪಟ, ಹನ್ನೆರಡು ನಾಗರಿಕತೆಗಳು, ಒಂದೊಂದಕ್ಕೂ ಒಬ್ಬ ನಾಯಕನಿರುವ ಕಾರ್ಡು. ಸೈನ್ಯ, ಧಾನ್ಯ, ಬುದ್ಧಿ ಎಲ್ಲ ಹೂಡಿ ರಾಜ್ಯ ಉಳಿಸಿಕೊಳ್ಳಬೇಕು. ಜಿಲ್ಲೆಯ ಮೇಷ್ಟ್ರುಗಳ ಸಭೆಯಲ್ಲಿ ಅದನ್ನು ತೋರಿಸುವುದೆಂದು ನಿಶ್ಚಯವಾಗಿತ್ತು. ಮಾವ ಹಾಸನಕ್ಕೆ ಹೊರಟಿದ್ದರು. ಕಾಗುಣಿತ ನೋಡಿ ಕಾರ್ಡುಗಳ ಪಟ್ಟಿಯನ್ನು ಅಲ್ಲಿಯ ಪ್ರೆಸ್ಸಿಗೆ ಕೊಟ್ಟುಬಿಡಿ ಎಂದೆ. ಕಣ್ಣು ಮಂಜಾಗಿದೆಯೆಂದು ಡಾಕ್ಟರ ಹತ್ತಿರ ಹೊರಟವರಿಗೆ ಕಾಗುಣಿತ ನೋಡಲು ಕೊಟ್ಟ ನನ್ನ ಬುದ್ಧಿಗೆ ಏನು ಹೇಳೋಣ!

ಮಾವನಿಗೆ ಪಟ್ಟಿಯೆಂದರೆ ಹಾಜರಿ ಪುಸ್ತಕ. ಎಸ್ಟೇಟಿಗೆ ಹೊಸಬರು ಬಂದರೆ ಮೂರು ಮಾತು ವಿಚಾರಿಸಿಯೇ ಹೆಸರು ಬರೆದುಕೊಳ್ಳುತ್ತಿದ್ದರು. ಮಳೆಗೆ ನಿಲ್ಲುತ್ತಾರಾ? ಜಿಗಣೆಗೆ ಹೆದರುತ್ತಾರಾ? ಕುಯ್ಲು ಮುಗಿಯುವ ತನಕ ಇರುತ್ತಾರಾ? ಜಗತ್ತಿನ ಚಕ್ರವರ್ತಿಗಳಿಗೂ ಇವನ್ನೇ ಹಾಕಿದರು. ರೋಮನ್ನರ ಕಾಲಲ್ಲಿ ಬರೀ ಬಾರಿನ ಚಪ್ಪಲಿ, ಜಿಗಣೆಗೆ ಹಬ್ಬ. ಹೊಡೆದರು ಗೆರೆ. ಈಜಿಪ್ಟಿನ ರಾಣಿ ಮಳೆಯನ್ನೇ ಸರಿಯಾಗಿ ಕಂಡವಳಲ್ಲ, ಆಷಾಢದಲ್ಲಿ ಎರಡು ದಿನ ನಿಂತರೆ ಹೆಚ್ಚು. ಗೆರೆ! ಮಂಗೋಲರು ಗಟ್ಟಿಗರೇ, ಆದರೆ ಕುದುರೆಯಿಂದ ಇಳಿಯುವುದಿಲ್ಲ, ಕಾಫಿ ಗಿಡದ ಗತಿಯೇನು? ಇಂಕಾದವರು ಮಾತ್ರ ಬೆಟ್ಟದ ಜನವೆಂದು ಒಂದೇ ಏಟಿಗೆ ಪಾಸಾದರು. ನಾನು ತಮಾಷೆಯೆಂದು ನಕ್ಕೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನೂ, ಅಂದರೆ ಮಾವನ ಅಕ್ಕನೂ, ನಕ್ಕಳು.

ಮುಂದಿನ ವಾರ ಪ್ರೆಸ್ಸಿನಿಂದ ಪೆಟ್ಟಿಗೆಯನ್ನು ಮಾವನೇ ತಂದರು. ಬಿಚ್ಚಿ ನೋಡುತ್ತೇನೆ, ಕೆಂಪು ಗೆರೆ ಬಿದ್ದವರನ್ನೆಲ್ಲ ಬಿಟ್ಟು ಅಚ್ಚು ಹಾಕಿದ್ದಾರೆ! ರೋಮ್ ಇಲ್ಲ, ಈಜಿಪ್ಟ್ ಇಲ್ಲ. ಹೋಗಲಿ, ದೂರದವರು. ಹೊಯ್ಸಳರೇ ಇಲ್ಲ! ಹಾಸನ ಜಿಲ್ಲೆಯ ಮೇಷ್ಟ್ರು ಹಾಸನದ ಸಭೆಗೆ ಹೊಯ್ಸಳರಿಲ್ಲದ ಆಟ ಹೊತ್ತುಕೊಂಡು ಹೋದರೆ ಉಳಿಗಾಲ ಉಂಟೇ? ಪೆಟ್ಟಿಗೆಯ ಜೊತೆ ವಾಪಸು ಬಂದಿದ್ದ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

“ಹಳೇಬೀಡಿನ ಗುಡಿಗೆ ಶಿಖರ ಎಲ್ಲೈತೆ ತೋರ್ಸು. ಕೆಲ್ಸ ಮುಗಿಸ್ದೆ ಹೋಗ್ಬುಟ್ಟೋರನ್ನ ನಾನು ಬರ್ಕೊಳಲ್ಲ ಕಣೋ,” ಎಂದರು ಮಾವ.

ಬಾಯಿಗೆ ಬಂದದ್ದು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಪೆಟ್ಟಿಗೆಯ ತಳದಲ್ಲಿ ನಾನು ಬರೆಯದ ಒಂದು ಕಾರ್ಡು ಕಾಣಿಸಿತು. ಗಟ್ಟಿಯಾಗಿ ಓದಿದೆ. ನಾಗರಿಕತೆ: ಹೆತ್ತೂರಿನ ಲೈನ್ ಮನೆಗಳು. ನಾಯಕಿ: ಅಕ್ಕ. ವಿಶೇಷ ಶಕ್ತಿ: ರಸ್ತೆ ಕುಸಿದು ಎಂಟು ದಿನ ಅಕ್ಕಿ ಬರದಿದ್ದರೂ ಈಕೆಯ ಜನ ಉಪವಾಸ ಬೀಳುವುದಿಲ್ಲ.

ಆ ಕಥೆ ನನಗೆ ಗೊತ್ತಿತ್ತು. ಅಪ್ಪ ಅಮ್ಮನಿಲ್ಲದ ಅಕ್ಕ-ತಮ್ಮ ಆಗ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇದ್ದರು. ಅಮ್ಮನಿಗೆ ಹದಿನಾರು, ಮಾವನಿಗೆ ಏಳು. ಆ ಮಳೆಗಾಲದಲ್ಲಿ ಅಮ್ಮ ಎಲ್ಲರ ಮನೆಯಲ್ಲಿದ್ದದ್ದನ್ನೂ ಒಂದೇ ಹಂಡೆಗೆ ಹಾಕಿಸಿ, ಬಿದಿರಿನ ಕಳಲೆ, ಕೆಸುವಿನ ಸೊಪ್ಪು, ಹಲಸಿನ ಬೀಜ ಬೇಯಿಸಿ ಇಡೀ ಲೈನಿಗೆ ಬಡಿಸಿದ್ದಳು.

ಆ ದಿನವೂ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಕಣ್ಣೆತ್ತದೆ ತಮ್ಮನಿಗೆ, “ಸರಿಯಾಗೇ ಬರ್ದಿದೀಯ ಬಿಡು. ಎಲ್ರೂ ಉಂಡ್ವಿ,” ಎಂದಳು.

“ಇಲ್ಲ ಕಣಕ್ಕ,” ಎಂದರು ಮಾವ. “ನೀನು ಉಣ್ಣಲಿಲ್ಲ. ನಾನು ನೋಡ್ತಿದ್ದೆ.”

ಅಮ್ಮನ ಕೈ ನಿಂತಿತು. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ತುಂಬ ಹೊತ್ತು ಒರೆಸಿಕೊಂಡರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೊಯ್ಸಳರು ಮುಂದಿನ ಸಲ ಬರಲಿ. ಸಭೆಗೆ ಆ ಕಾರ್ಡನ್ನೇ ಎಲ್ಲಕ್ಕಿಂತ ಮೇಲಿಟ್ಟುಕೊಂಡು ಹೋದೆ.